ಪರಿಚಾರಕರ ಅನುರಾಗಗುಣ

'ಶುಶ್ರೂಷೆ' ಎಂಬ ಶಬ್ದವನ್ನು ನಾವೆಲ್ಲರೂ ಆಡುತ್ತೇವೆ. ಆಸ್ಪತ್ರೆಗಳ ಬಾಗಿಲ ಮೇಲೆ ಬರೆದದ್ದನ್ನು ಓದುತ್ತೇವೆ. ಆದರೆ ಆ ಶಬ್ದದ ಹುಟ್ಟನ್ನು ವಿಚಾರಿಸಿದವರು ವಿರಳ. 'ಶ್ರು' ಎಂಬ ಧಾತುವಿಗೆ ಕೇಳುವದೆಂದು ಅರ್ಥ. ಅದಕ್ಕೆ ಇಚ್ಛಾರ್ಥದಲ್ಲಿ ಸನ್ ಪ್ರತ್ಯಯವು ಹತ್ತಿ, ಧಾತುವು ದ್ವಿತ್ವವನ್ನು ಹೊಂದಿ, 'ಶುಶ್ರೂಷಾ' ಎಂಬ ರೂಪವು ಸಿದ್ಧಿಸುವದು. ಆದುದರಿಂದ ಶುಶ್ರೂಷೆಯೆಂದರೆ ಮೊದಲಿಗೆ ಕೇಳಬೇಕೆಂಬ ಇಚ್ಛೆ. ಶಿಷ್ಯನು ಗುರುವಿನ ಮಾತನ್ನು ಕೇಳಲಿಚ್ಛಿಸುವನು, ಇಚ್ಛಿಸಿ ಬಳಿಯಲ್ಲಿ ನಿಲ್ಲುವನು, ನಿಂತು ಸೇವೆ ಮಾಡುವನು. ಹೀಗೆ ಅರ್ಥವು ಬೆಳೆಯಿತೆಂದು ಪಾಠಶಾಲೆಯಲ್ಲಿ ನಮ್ಮ ಗುರುಗಳು ಹೇಳಿಕೊಟ್ಟರು. ರೂಪಸಿದ್ಧಿಯನ್ನು ಬಾಯಿಪಾಠ ಮಾಡಿದೆವು, ಪರೀಕ್ಷೆಯಲ್ಲಿ ಬರೆದೆವು, ಗುಣಾಂಕಗಳನ್ನು ಪಡೆದೆವು. ನರಳುವವನ ದನಿಗೆ ಕಿವಿಗೊಡುವದೂ ಈ ಶಬ್ದದಲ್ಲಿಯೇ ಇದೆಯೆಂಬದು ಅಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗಂತೂ ಅದು ಹೊಳೆಯಲು ಅರುವತ್ತು ವರ್ಷ ಬೇಕಾದವು.

ಈ ಶಬ್ದದ ಒಡಹುಟ್ಟಿದವುಗಳೂ ವಿಚಾರಾರ್ಹವಾಗಿವೆ. ಬಳಿಯಲ್ಲಿ ನಿಲ್ಲುವವನು ಉಪಸ್ಥಾತೃ. ಸುತ್ತಲೂ ಸುಳಿಯುವವನು ಪರಿಚಾರಕ. ಹತ್ತಿರದಲ್ಲಿ ನಡೆಯುವದು ಉಪಚಾರ. ನಮ್ಮ ಅಚ್ಚಗನ್ನಡದ 'ಆರೈಕೆ'ಯಾದರೂ ಹಳಗನ್ನಡದ 'ಆರಯ್' ಎಂಬ ಧಾತುವಿನಿಂದ ಬಂದದ್ದು. ಅದಕ್ಕೆ ವಿಚಾರಿಸಿ ನೋಡುವದೆಂದು ಅರ್ಥ. ಕೇಳುವದು, ನಿಲ್ಲುವದು, ಸುಳಿಯುವದು, ನೋಡುವದು: ಇವೆಲ್ಲವೂ ಶರೀರದ ಕೆಲಸಗಳೇ ಹೊರತು ಒಂದಾದರೂ ಬರಿಯ ಮನಸ್ಸಿನ ಭಾವವಲ್ಲವೆಂಬದನ್ನು ವಾಚಕರು ಲಕ್ಷಿಸಬೇಕು. ರೋಗಿಯನ್ನು ನೋಡಿಕೊಳ್ಳುವವರಲ್ಲಿ ಪ್ರೀತಿ ಇರಬೇಕು, ಕರುಣೆ ಇರಬೇಕು ಎಂದು ಎಲ್ಲರೂ ಹೇಳುತ್ತಾರೆ. ಆ ಪ್ರೀತಿಯನ್ನು ನಮ್ಮ ಹಿರಿಯರು ಎಲ್ಲಿ ಕಂಡರು, ಯಾವ ಗುರುತಿನಿಂದ ತಿಳಿದರು, ಯಾರಿಂದ ಅದನ್ನು ಬೇಡಿದರು ಎಂಬದನ್ನು ಕೊಪ್ಪಳದ ಬೆಟ್ಟಗಳನ್ನು ಮುಂದಿಟ್ಟುಕೊಂಡು ಇಲ್ಲಿ ವಿಚಾರಿಸುತ್ತೇನೆ.

ನಮ್ಮ ಗವಿಮಠದ ಬೆಟ್ಟದ ಮೇಲೂ ಪಾಲ್ಕಿಗುಂಡಿನ ಮೇಲೂ ಇರುವ ಅಶೋಕನ ಕಿರುಶಾಸನಗಳು ೧೯೩೧ರಲ್ಲಿ ಬೆಳಕಿಗೆ ಬಂದವು. ಟರ್ನರ್ ಎಂಬ ಭಾಷಾಪಂಡಿತನು ಅವುಗಳನ್ನು ೧೯೩೨ರಲ್ಲಿ ಹೈದರಾಬಾದಿನ ಪುರಾತತ್ವ ಮಾಲೆಯಲ್ಲಿ ಪ್ರಕಟಿಸಿದನು. ಗವಿಮಠದ ಪಾಠವು ಚೆನ್ನಾಗಿ ಉಳಿದಿದೆ. ಪಾಲ್ಕಿಗುಂಡಿನದು ಬಹಳ ಸವೆದಿದೆ. ಎರಡರಲ್ಲಿಯೂ ಇರುವ ಸಂಗತಿಯೊಂದೇ. ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೆ ಮಿಕ್ಕಿತೆಂದೂ, ಮೊದಲು ಹೆಚ್ಚು ಉದ್ಯಮಿಸಲಿಲ್ಲವೆಂದೂ, ಆಮೇಲೆ ಹುರುಪಿನಿಂದ ನಡೆದನೆಂದೂ ಅರಸನು ತಿಳಿಸಿ, ಈ ಉದ್ಯಮದ ಫಲವು ದೊಡ್ಡವರಿಗೆ ಮಾತ್ರ ದೊರೆಯತಕ್ಕದ್ದಲ್ಲ, ಅಲ್ಪನಾದವನೂ ಪ್ರಯತ್ನದಿಂದ ಅದನ್ನು ಪಡೆಯಬಲ್ಲನೆಂದು ಸಾರುತ್ತಾನೆ. ಈ 'ಅಲ್ಪ'ನನ್ನು ವಾಚಕರು ನೆನಪಿನಲ್ಲಿಟ್ಟುಕೊಂಡಿರಬೇಕೆಂದು ಕೋರುತ್ತೇನೆ. ಮುಂದೆ ಅವನೊಡನೆ ಕೆಲಸವಿದೆ.

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿಯೂ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿಯೂ ಇದೇ ಕಿರುಶಾಸನದೊಡನೆ ಮತ್ತೊಂದು ಭಾಗವು ಸೇರಿದೆ. ತಾಯಿತಂದೆಗಳಿಗೆ ಶುಶ್ರೂಷೆ ಮಾಡಬೇಕು, ಪ್ರಾಣಿಗಳಲ್ಲಿ ದಯೆಯಿಂದಿರಬೇಕು, ಸತ್ಯವನ್ನಾಡಬೇಕು ಎಂಬದು ಅಲ್ಲಿಯ ವಿಧಿ. ನಾವು ಪಾಠಶಾಲೆಯಲ್ಲಿ ಕಲಿತ ಅದೇ ಸನ್ನಂತ ಧಾತುವು ಪ್ರಾಕೃತದ ವೇಷದಲ್ಲಿ, ಕ್ರಿ. ಪೂ. ೩ನೆಯ ಶತಮಾನದಲ್ಲಿ, ನಮ್ಮ ಸೀಮೆಯ ಬಂಡೆಯ ಮೇಲೆ ನಿಂತಿದೆ. ಅದರ ಮಗ್ಗುಲಲ್ಲಿಯೇ ಭೂತದಯೆಯೂ ನಿಂತಿದೆ. ಅಲ್ಲಿ ಶುಶ್ರೂಷೆಗೆ ವಿಧೇಯತೆಯೆಂಬ ಅರ್ಥವೇ ಮುಖ್ಯವೆಂದು ವಿದ್ವಾಂಸರು ಹೇಳುವದು ಸರಿ. ಆದರೆ ವಯಸ್ಸಾದ ತಂದೆತಾಯಿಗಳ ವಿಷಯದಲ್ಲಿ ಮಾತು ಕೇಳುವದು ಎಲ್ಲಿ ಮುಗಿದು ಮೈ ತೊಳೆಯುವದು ಎಲ್ಲಿ ಪ್ರಾರಂಭವಾಗುವದೆಂಬದನ್ನು ಗೆರೆ ಕೊರೆದು ತೋರಿಸುವದು ವಿದ್ವಾಂಸರಿಂದಲೂ ಸಾಧ್ಯವಾಗಲಾರದು.

ಎರ್ರಗುಡಿಯಲ್ಲಿ ಅಶೋಕನ ಹಿರಿಯ ಶಾಸನಗಳೂ ಉಂಟು. ಅವುಗಳೊಳಗೆ ಎರಡನೆಯದು, ತನ್ನ ರಾಜ್ಯದಲ್ಲಿಯೂ ನೆರೆಯ ರಾಜ್ಯಗಳಲ್ಲಿಯೂ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯನ್ನು ಏರ್ಪಡಿಸಿದುದನ್ನೂ, ಮೂಲಿಕೆಗಳು ಇಲ್ಲದ ಕಡೆಗೆ ತರಿಸಿ ನೆಡಿಸಿದುದನ್ನೂ, ದಾರಿಗಳಲ್ಲಿ ಬಾವಿ ತೋಡಿಸಿ ಗಿಡ ಹಚ್ಚಿಸಿದುದನ್ನೂ ಹೇಳುತ್ತದೆ. ಇದು ಲೋಕದ ಇತಿಹಾಸದಲ್ಲಿಯೇ ಅಪೂರ್ವವಾದ ಸಂಗತಿ. ಆದರೂ ಒಂದು ಮಾತು. ಅಲ್ಲಿ ಚಿಕಿತ್ಸೆಯಿದೆ, ಔಷಧವಿದೆ, ಬೇರು ಹಣ್ಣುಗಳಿವೆ. ಆ ಔಷಧವನ್ನು ಅರೆದು ಕುಡಿಸಿದ ಕೈಗಳ ಪ್ರಸ್ತಾಪವಿಲ್ಲ.

ಆ ಕೈಗಳ ವಿಚಾರವನ್ನು ಮಾಡಿದವರು ವೈದ್ಯಶಾಸ್ತ್ರಕಾರರು. ಚರಕಸಂಹಿತೆಯ ಸೂತ್ರಸ್ಥಾನದ ೯ನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ದ್ರವ್ಯ, ಉಪಸ್ಥಾತೃ, ರೋಗಿ. ಒಂದೊಂದಕ್ಕೂ ನಾಲ್ಕು ನಾಲ್ಕು ಗುಣಗಳು. ಪರಿಚಾರಕನ ನಾಲ್ಕು ಗುಣಗಳು ಯಾವುವೆಂದರೆ: ಉಪಚಾರಜ್ಞತೆ, ದಾಕ್ಷ್ಯ, ಅನುರಾಗ ಮತ್ತು ಶೌಚ. ವಾಗ್ಭಟನೂ ಅಷ್ಟಾಂಗಹೃದಯದಲ್ಲಿ ಅನುರಕ್ತನಾಗಿ, ಶುಚಿಯಾಗಿ, ದಕ್ಷನಾಗಿ, ಬುದ್ಧಿವಂತನಾಗಿರಬೇಕೆಂದು ವಿಧಿಸಿದ್ದಾನೆ. ಇದರಿಂದ ಅನುರಾಗವೆಂಬದು ಪರಿಚಾರಕನಿಗೆ ಅಲಂಕಾರವಲ್ಲ, ಲಕ್ಷಣದಲ್ಲಿಯೇ ಸೇರಿದ್ದೆಂಬದು ಸ್ಪಷ್ಟವಾಯಿತು. ಆದರೆ ಚರಕನ ಗಣನೆಯಲ್ಲಿ ಅನುರಾಗವು ಮೂರನೆಯದು. ಮೊದಲಿಗೆ ತಿಳಿವಳಿಕೆ, ಆಮೇಲೆ ಕೈಚಳಕ, ಅನಂತರ ಪ್ರೀತಿ. ಪ್ರೀತಿಯೊಂದಿದ್ದರೆ ಸಾಕೆಂದು ಶಾಸ್ತ್ರವು ಎಲ್ಲಿಯೂ ಹೇಳಿಲ್ಲ.

ಅದೇ ಸ್ಥಾನದ ೧೫ನೆಯ ಅಧ್ಯಾಯವನ್ನು ನೋಡಿದರೆ ಇನ್ನೂ ಬೆರಗಾಗುವದು. ಚಿಕಿತ್ಸೆಗೆ ಕಟ್ಟಬೇಕಾದ ಮನೆಯನ್ನು ಅಲ್ಲಿ ವರ್ಣಿಸಿದೆ. ಗಾಳಿಯ ಹೊಡೆತವಿಲ್ಲದೆ ಒಂದು ಕಡೆಯಿಂದ ಗಾಳಿ ಆಡುವಂತಿರಬೇಕು. ಹೊಗೆ, ಬಿಸಿಲು, ಧೂಳುಗಳು ಮುಟ್ಟಬಾರದು. ನೀರು, ಒರಳು, ಶೌಚಸ್ಥಾನ, ಸ್ನಾನಸ್ಥಾನ, ಅಡಿಗೆಮನೆಗಳು ಇರಬೇಕು. ಅನಂತರ ಅಲ್ಲಿಯ ಜನ: ಅಡಿಗೆ ಬಲ್ಲವರು, ಮೈ ತೊಳೆಸುವವರು, ಅಂಗಮರ್ದನ ಬಲ್ಲವರು, ಎಬ್ಬಿಸಿ ಕೂಡ್ರಿಸಿ ಮಲಗಿಸುವವರು, ಔಷಧ ಅರೆಯುವವರು. ಇಷ್ಟಕ್ಕೇ ನಿಲ್ಲಿಸದೆ, ಹಾಡು ವಾದ್ಯಗಳನ್ನೂ ಕಥೆ, ಇತಿಹಾಸ, ಪುರಾಣಗಳನ್ನೂ ಬಲ್ಲವರು ರೋಗಿಯ ಬಳಿಯಲ್ಲಿರತಕ್ಕದ್ದೆಂದು ಆಚಾರ್ಯನು ಹೇಳುತ್ತಾನೆ. ಪುರಾಣ ಹೇಳುವವರಿಗೆ ಆಸ್ಪತ್ರೆಯಲ್ಲಿ ಉದ್ಯೋಗವಿತ್ತೆಂಬದನ್ನು ನಮ್ಮ ಕೀರ್ತನಕಾರರಿಗೆ ತಿಳಿಸಿದರೆ ಸಂತೋಷಪಟ್ಟಾರು.

ಸುಶ್ರುತನ ಪಟ್ಟಿಯು ಬೇರೆ. ಅವನು ಸೂತ್ರಸ್ಥಾನದ ೩೪ನೆಯ ಅಧ್ಯಾಯದಲ್ಲಿ ಪರಿಚಾರಕನು ಸ್ನಿಗ್ಧನಾಗಿರಬೇಕು, ಅಜುಗುಪ್ಸುವಾಗಿರಬೇಕು, ಬಲವುಳ್ಳವನಾಗಿರಬೇಕು, ರೋಗಿಯ ರಕ್ಷಣೆಯಲ್ಲಿ ತೊಡಗಿರಬೇಕು, ವೈದ್ಯನ ಮಾತನ್ನು ನಡೆಸಬೇಕು, ಬಳಲಬಾರದು ಎನ್ನುತ್ತಾನೆ. ಸ್ನಿಗ್ಧನೆಂದರೆ ಸ್ನೇಹವುಳ್ಳವನು. ಅಜುಗುಪ್ಸುವೆಂದರೆ ಹೇಸದವನು. ಸ್ನೇಹದ ಹಿಂದೆಯೇ ಹೇಸದಿರುವದನ್ನು ಇಟ್ಟದ್ದು ಆಕಸ್ಮಿಕವೆಂದು ನನಗೆ ತೋರುವದಿಲ್ಲ. ಶಸ್ತ್ರಚಿಕಿತ್ಸಕನಾದ ಸುಶ್ರುತನು ಕೀವು, ರಕ್ತ, ದುರ್ಗಂಧಗಳ ನಡುವೆ ನಿಂತವನು. ಪ್ರೀತಿಯೆಂಬದು ಕಣ್ಣಿಗೆ ಕಾಣದು. ಮೂಗು ಮುರಿಯುವದು ಕಾಣುತ್ತದೆ. ಒಳಗಿನ ಗುಣಕ್ಕೆ ಹೊರಗಿನ ಗುರುತನ್ನು ಅವನು ಕೊಟ್ಟನೆಂದು ನಾನು ತಿಳಿಯುತ್ತೇನೆ.

ಇಲ್ಲಿಯವರೆಗೆ ಹೊಗಳಿಕೆಯಾಯಿತು. ಈಗ ಸ್ವಲ್ಪ ನಿಷ್ಠುರವಾದ ಮಾತನ್ನು ಆಡಬೇಕಾಗಿದೆ. ಚರಕನು ಹೇಳಿದ ಅನುರಾಗವು ಯಾರಲ್ಲಿ? ಮೂಲದಲ್ಲಿರುವ ಶಬ್ದವು 'ಭರ್ತೃ', ಅಂದರೆ ಒಡೆಯ, ಹೊರೆಯುವವನು. ಹಾಸಿಗೆ ಹಿಡಿದವನು ಒಡೆಯನು. ಎಬ್ಬಿಸಿ ಕೂಡ್ರಿಸುವವನು ಅವನ ಆಳು. ಆಳಿಗೆ ಒಡೆಯನಲ್ಲಿ ಇರತಕ್ಕ ನಿಷ್ಠೆಗೇ ಇಲ್ಲಿ ಅನುರಾಗವೆಂದು ಹೆಸರು. ವೈದ್ಯನಿಗಾದರೋ ಅದೇ ಅಧ್ಯಾಯದಲ್ಲಿ ಮೈತ್ರಿಯನ್ನೂ ಆರ್ತರಲ್ಲಿ ಕಾರುಣ್ಯವನ್ನೂ ವಿಧಿಸಿದೆ. ಮೇಲಿನವನಿಗೆ ಕಾರುಣ್ಯ, ಕೆಳಗಿನವನಿಗೆ ನಿಷ್ಠೆ! ಅಷ್ಟೇ ಅಲ್ಲ. ವೈದ್ಯನ ಪ್ರಾಧಾನ್ಯವನ್ನು ಸ್ಥಾಪಿಸುವಾಗ ಆಚಾರ್ಯನು ಕುಂಬಾರನ ದೃಷ್ಟಾಂತವನ್ನು ತಂದಿದ್ದಾನೆ. ಕುಂಬಾರನಿಲ್ಲದೆ ಮಣ್ಣು, ದಂಡ, ಚಕ್ರಗಳು ಹೇಗೆ ಗಡಿಗೆಯನ್ನು ಮಾಡಲಾರವೋ ಹಾಗೆ ವೈದ್ಯನಿಲ್ಲದೆ ಉಳಿದ ಮೂರು ಪಾದಗಳು ನಿರರ್ಥಕವಂತೆ. ದೃಷ್ಟಾಂತವು ಸೊಗಸಾಗಿದೆ. ಆದರೆ ಯಾವ ಕುಂಬಾರನೂ ತನ್ನ ದಂಡದಿಂದಲೂ ಚಕ್ರದಿಂದಲೂ ಅನುರಾಗವನ್ನು ಬಯಸುವದಿಲ್ಲವಷ್ಟೆ. ಪರಿಚಾರಕನಿಂದ ಪ್ರೀತಿಯನ್ನು ಬೇಡಿದ ಮೇಲೆ ಅವನನ್ನು ಚಕ್ರಕ್ಕೆ ಹೋಲಿಸುವದು ನ್ಯಾಯವಲ್ಲ. ಚಕ್ರಕ್ಕೆ ಹೋಲಿಸಿದ ಮೇಲೆ ಪ್ರೀತಿಯನ್ನು ಬೇಡುವದು ನ್ಯಾಯವಲ್ಲ. ನಾನು ಶಾಸ್ತ್ರನಿಂದಕನಲ್ಲ. ಚರಕನ ಪುಸ್ತಕವು ಈಗಲೂ ನನ್ನ ಮೇಜಿನ ಮೇಲಿದೆ. ಆದರೂ ಈ ಎರಡು ಸ್ಥಳಗಳನ್ನು ಒಟ್ಟಿಗೆ ಓದಿದಾಗ ಮನಸ್ಸು ಹಿಂಜರಿಯುತ್ತದೆ.

ಈ ತೊಡಕನ್ನು ಬಿಡಿಸಿದವರು ಶ್ರಮಣರೆಂದು ನನಗೆ ತೋರುತ್ತದೆ. ಅವರಲ್ಲಿ ಒಡೆಯನೂ ಇಲ್ಲ, ಆಳೂ ಇಲ್ಲ. ಹಾಸಿಗೆ ಹಿಡಿದವನೂ ಭಿಕ್ಷು, ಬಳಿಯಲ್ಲಿ ನಿಂತವನೂ ಭಿಕ್ಷು. ಬೌದ್ಧರ ವಿನಯಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. ಅತಿಸಾರದಿಂದ ಪೀಡಿತನಾದ ಭಿಕ್ಷುವೊಬ್ಬನು ತನ್ನ ಮಲಮೂತ್ರಗಳಲ್ಲಿಯೇ ಬಿದ್ದಿದ್ದನು. ಅವನು ಇತರರಿಗೆ ಯಾವ ಕೆಲಸವನ್ನೂ ಮಾಡಿಕೊಡಲಾರದವನಾದುದರಿಂದ ಇತರರೂ ಅವನನ್ನು ನೋಡಿಕೊಳ್ಳಲಿಲ್ಲ. ಬುದ್ಧನು ಆನಂದನಿಂದ ನೀರು ತರಿಸಿ, ತಾನು ನೀರು ಹಾಕಿ, ಆನಂದನು ತೊಳೆದು, ಒಬ್ಬನು ತಲೆಯನ್ನೂ ಒಬ್ಬನು ಕಾಲನ್ನೂ ಹಿಡಿದೆತ್ತಿ ಮಂಚದ ಮೇಲೆ ಮಲಗಿಸಿದರು. ತನ್ನನ್ನು ಉಪಚರಿಸಲಿಚ್ಛಿಸುವವನು ರೋಗಿಯನ್ನು ಉಪಚರಿಸಲೆಂದು ಬುದ್ಧನು ಆಜ್ಞಾಪಿಸಿದ್ದು ಆಗಲೇ. ಅಲ್ಲಿಯೇ ಪರಿಚಾರಕನ ಐದು ಯೋಗ್ಯತೆಗಳನ್ನು ಎಣಿಸಿದೆ. ಔಷಧವನ್ನು ಸಿದ್ಧಪಡಿಸಬಲ್ಲವನಾಗಿರಬೇಕು, ಪಥ್ಯಾಪಥ್ಯಗಳನ್ನು ಅರಿತಿರಬೇಕು, ಲಾಭದ ಆಸೆಯಿಂದಲ್ಲದೆ ಮೈತ್ರಿಯ ಚಿತ್ತದಿಂದ ನೋಡಿಕೊಳ್ಳಬೇಕು, ಮಲ, ಮೂತ್ರ, ಉಗುಳು, ವಾಂತಿಗಳನ್ನು ತೆಗೆಯಲು ಹೇಸಬಾರದು, ಕಾಲಕಾಲಕ್ಕೆ ಧರ್ಮದ ಮಾತುಗಳಿಂದ ರೋಗಿಯನ್ನು ಸಂತೋಷಪಡಿಸಬೇಕು. ಇಲ್ಲಿಯೂ ತಿಳಿವಳಿಕೆಯು ಮೊದಲು, ಮೈತ್ರಿಯು ಆಮೇಲೆ, ಮೈತ್ರಿಯ ಬೆನ್ನಿಗೇ ಹೇಸದಿರುವದು. ಸುಶ್ರುತನ ಜೋಡಿಯೇ ಇಲ್ಲಿಯೂ ಕಾಣುವದಲ್ಲವೆ?

ಅಶೋಕನು ಉಪಾಸಕನಾದದ್ದು ಈ ಬುದ್ಧನ ಮಾರ್ಗದಲ್ಲಿ. ಆದರೆ ಅವನ ಶಾಸನವಿರುವ ನಮ್ಮ ಬೆಟ್ಟಗಳಿಗೆ ಕೀರ್ತಿಯನ್ನು ತಂದವರು ಮುಖ್ಯವಾಗಿ ಜೈನರು. ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡನ್ನು ಹೇಳುವಾಗ ಹೆಸರಿಸಿದ ನಗರಗಳಲ್ಲಿ ಕೊಪಣವೂ ಒಂದು. ಕೊಪಣವು ಜೈನರಿಗೆ ಮಹಾತೀರ್ಥವಾಗಿತ್ತು. ಇಲ್ಲಿ ಸಲ್ಲೇಖನವ್ರತದಿಂದ ದೇಹ ಬಿಟ್ಟ ಮುನಿಗಳೂ ಗೃಹಸ್ಥರೂ ಅನೇಕರು. ವರಾಂಗಚರಿತೆಯ ಕರ್ತೃವಾದ ಜಟಾಸಿಂಹನಂದಿಯ ಪಾದಗಳನ್ನು ಪಾಲ್ಕಿಗುಂಡಿನ ಬಳಿ ಬಂಡೆಯಲ್ಲಿ ಕೊರೆದಿದೆ. ಅವನ್ನು ಮಾಡಿಸಿದವನು ಚಾವಯ್ಯನೆಂದು ಕನ್ನಡದಲ್ಲಿ ಬರೆದಿದೆ.

ಜೈನರಲ್ಲಿ ಸಮ್ಯಕ್ತ್ವಕ್ಕೆ ಎಂಟು ಅಂಗಗಳು. ಮೂರನೆಯದು ನಿರ್ವಿಚಿಕಿತ್ಸೆ, ಅಂದರೆ ಹೇಸದಿರುವದು. ಸಮಂತಭದ್ರಾಚಾರ್ಯರ ರತ್ನಕರಂಡಕದಲ್ಲಿ ಇದಕ್ಕೆ ಉದಾಹರಣೆಯಾಗಿ ಉದ್ದಾಯನರಾಜನ ಹೆಸರಿದೆ. ಕಥೆಯು ಹೀಗಿದೆ. ದೇವನೊಬ್ಬನು ಅರಸನನ್ನು ಪರೀಕ್ಷಿಸಲು ಕುಷ್ಠರೋಗಿಯಾದ ಮುನಿಯ ರೂಪದಿಂದ ಬಂದು, ಇಕ್ಕಿದ್ದನ್ನೆಲ್ಲ ಉಂಡು, ಅಲ್ಲಿಯೇ ಕಾರಿಕೊಂಡನು. ದುರ್ಗಂಧಕ್ಕೆ ಪರಿಜನರು ಓಡಿಹೋದರು. ಅರಸನೂ ರಾಣಿ ಪ್ರಭಾವತಿಯೂ ಮಾತ್ರ ನಿಂತು, ತಾವು ಒಗ್ಗದ ಆಹಾರವನ್ನು ಕೊಟ್ಟೆವಲ್ಲಾ ಎಂದು ತಮ್ಮನ್ನೇ ಹಳಿದುಕೊಂಡು, ತಮ್ಮ ಕೈಯಿಂದಲೇ ತೊಳೆದರು. ಚರಕನ ಏರ್ಪಾಡು ಇಲ್ಲಿ ತಲೆಕೆಳಗಾಯಿತೆಂಬದನ್ನು ನೋಡಿರಿ. ಆಳುಗಳು ಓಡಿದರು, ಒಡೆಯನು ತೊಳೆದನು.

ಇದು ಕಥೆಯಾಯಿತು. ವ್ಯವಸ್ಥೆಯನ್ನು ತಿಳಿಯಬೇಕಾದರೆ ಶಿವಾರ್ಯರ ಭಗವತೀ ಆರಾಧನೆಯನ್ನು ತೆರೆಯಬೇಕು. ಪ್ರಾಕೃತದ ಈ ದೊಡ್ಡ ಗ್ರಂಥವು ಸಲ್ಲೇಖನವನ್ನು ಕೈಕೊಂಡವನನ್ನು ಕ್ಷಪಕನೆಂದೂ ಅವನನ್ನು ನೋಡಿಕೊಳ್ಳುವವರನ್ನು ನಿರ್ಯಾಪಕರೆಂದೂ ಕರೆಯುತ್ತದೆ. ಸಲ್ಲೇಖನವು ಚಿಕಿತ್ಸೆಯಲ್ಲ, ಗುಣವಾಗಲೆಂಬ ಆಸೆ ಅಲ್ಲಿಲ್ಲ. ಆದರೆ ಗುಣವಾಗುವ ಆಸೆಯಿಲ್ಲದವನ ಬಳಿಯಲ್ಲಿಯೇ ಶುಶ್ರೂಷೆಯು ತನ್ನ ಶುದ್ಧರೂಪದಲ್ಲಿ ಕಾಣಿಸುವದೆಂದು ನನ್ನ ಅಭಿಪ್ರಾಯ. ಒಬ್ಬ ಕ್ಷಪಕನಿಗೆ ೪೮ ನಿರ್ಯಾಪಕರು. ನಾಲ್ವರು ಮೈಯನ್ನು ಹಿಡಿದು ಎಬ್ಬಿಸಲು, ಮಗ್ಗುಲು ಹೊರಳಿಸಲು; ನಾಲ್ವರು ಧರ್ಮಕಥೆ ಹೇಳಲು; ನಾಲ್ವರು ಅನ್ನಕ್ಕೆ, ನಾಲ್ವರು ಪಾನಕ್ಕೆ; ನಾಲ್ವರು ಮಲಮೂತ್ರಗಳನ್ನು ತೆಗೆದು ಹಾಸಿಗೆಯನ್ನು ಶುದ್ಧವಾಗಿಡಲು; ನಾಲ್ವರು ರಾತ್ರಿಯಲ್ಲಿ ಎಚ್ಚರವಿರಲು; ಬಾಗಿಲು ಕಾಯಲು, ಬಂದವರಿಗೆ ಸಮಾಧಾನ ಹೇಳಲು ಹೀಗೆಯೇ ನಾಲ್ಕು ನಾಲ್ಕು ಜನ. ಅಷ್ಟು ಜನ ದೊರೆಯದಿದ್ದರೆ ಕಾಲಕ್ಕೆ ತಕ್ಕಂತೆ ಸಂಖ್ಯೆಯನ್ನು ಇಳಿಸುತ್ತ ಬರಬಹುದು. ಆದರೆ ಇಬ್ಬರಿಗಿಂತ ಕಡಿಮೆ ಮಾಡಕೂಡದು. ಒಬ್ಬನೇ ಆದರೆ ಏನಾಗುವದು? ಅವನು ಭಿಕ್ಷೆಗೆ ಹೋದರೆ ಕ್ಷಪಕನು ಕೆಡುವನು; ಹೋಗದಿದ್ದರೆ ಅವನೇ ಕೆಡುವನು. ಹೀಗೆ ಗ್ರಂಥಕಾರರು ಯೋಚಿಸಿದ್ದಾರೆ.

ಈ ಸ್ಥಳವನ್ನು ಓದಿದಾಗ ನಾನು ಪುಸ್ತಕವನ್ನು ಮುಚ್ಚಿಟ್ಟು ಬಹಳ ಹೊತ್ತು ಕುಳಿತಿದ್ದೆನು. ಕರುಣೆಯನ್ನು ಕುರಿತು ಬರೆದವರು ಬಹಳ ಜನ. ಕರುಣೆಗೆ ಎಷ್ಟು ಜನ ಬೇಕೆಂದು ಲೆಕ್ಕ ಹಾಕಿದವರು ಇವರು. ಪ್ರೀತಿಯುಳ್ಳವನಿಗೂ ಹಸಿವು ನಿದ್ರೆಗಳಿವೆಯೆಂಬದನ್ನು ಮರೆಯದವರು ಇವರು. ಇಂದು ರಾತ್ರಿಯ ಪಾಳಿಯಲ್ಲಿ ಒಬ್ಬಳೇ ಶುಶ್ರೂಷಕಿಯು ಒಂದು ಕೋಣೆಯ ರೋಗಿಗಳನ್ನೆಲ್ಲ ನೋಡಿಕೊಳ್ಳುವಾಗ, ಅವಳ ಮೋರೆಯಲ್ಲಿ ನಗೆಯಿಲ್ಲವೆಂದು ದೂರುವ ನಾವು ಶಿವಾರ್ಯರ ಈ ಲೆಕ್ಕವನ್ನು ನೋಡುವದು ಮೇಲು.

ಇನ್ನೊಂದು ಸಂಗತಿಯು ಕನ್ನಡಿಗರಿಗೆ ವಿಶೇಷವಾದದ್ದು. ಭಗವತೀ ಆರಾಧನೆಯಲ್ಲಿ ಕವಚವೆಂಬ ಒಂದು ಅಧಿಕಾರವಿದೆ. ಕ್ಷಪಕನು ವೇದನೆಯನ್ನು ತಾಳಲಾರದೆ ಕಂಗೆಟ್ಟಾಗ ನಿರ್ಯಾಪಕನು ಅವನಿಗೆ ಮಾತಿನ ಕವಚವನ್ನು ತೊಡಿಸಬೇಕು. ಹಿಂದೆ ಇಂಥ ವೇದನೆಯನ್ನು ತಾಳಿದವರ ಕಥೆಗಳನ್ನು ನೆನಪಿಸಬೇಕು. ಆ ಸ್ಥಳದ ಗಾಹೆಗಳನ್ನು ವಿಸ್ತರಿಸಿ ಹೇಳಿದ ೧೯ ಕಥೆಗಳೇ ನಮ್ಮ ವಡ್ಡಾರಾಧನೆ. ಸುಮಾರು ೧೦ನೆಯ ಶತಮಾನದ್ದೆಂದು ವಿದ್ವಾಂಸರು ನಿರ್ಣಯಿಸಿದ ಆ ಗ್ರಂಥವನ್ನು ಡಿ. ಎಲ್. ನರಸಿಂಹಾಚಾರ್ಯರು ೧೯೪೯ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಕನ್ನಡ ಗದ್ಯಕಥೆಯ ಅತ್ಯಂತ ಹಳೆಯ ಪುಸ್ತಕವೆಂದು ನಾವು ತರಗತಿಗಳಲ್ಲಿ ಕಲಿಸುತ್ತ ಬಂದದ್ದು ಮೂಲದಲ್ಲಿ ಹಾಸಿಗೆಯ ಬಳಿ ಹೇಳತಕ್ಕ ಮಾತಾಗಿತ್ತು. ಚರಕನ ಕಥೆಗಾರನೂ ವಿನಯಪಿಟಕದ ಐದನೆಯ ಯೋಗ್ಯತೆಯೂ ಇಲ್ಲಿ ಕನ್ನಡವನ್ನು ಮುಟ್ಟಿದವು. ನಾನು ಕುಷ್ಟಗಿ, ಯಲಬುರ್ಗಾ ತಾಲೂಕುಗಳ ಶಾಲೆಗಳಲ್ಲಿ ವಡ್ಡಾರಾಧನೆಯ ಸುಕುಮಾರಸ್ವಾಮಿಯ ಕಥೆಯನ್ನು ಎಷ್ಟೋ ಸಾರೆ ಪಾಠ ಹೇಳಿದ್ದೇನೆ. ಆ ಕಥೆಯು ಯಾರ ಕಿವಿಗಾಗಿ ಹುಟ್ಟಿತೆಂಬದನ್ನು ಒಂದು ಸಾರೆಯೂ ಹೇಳಲಿಲ್ಲ.

ಶಾಸನಗಳಲ್ಲಿ ಆರೋಗ್ಯಶಾಲೆಗಳ ಉಲ್ಲೇಖಗಳು ಉಂಟು. ಬಳ್ಳಿಗಾವೆಯ ಕೋಡಿಯಮಠವು ಅನಾಥರಿಗೂ ರೋಗಿಗಳಿಗೂ ಚಿಕಿತ್ಸಾಸ್ಥಾನವಾಗಿತ್ತೆಂದು ೧೧೬೨ರ ಶಾಸನವು ವರ್ಣಿಸುತ್ತದೆ. ಆಂಧ್ರದ ಮಲ್ಕಾಪುರದ ೧೨೬೧ರ ಶಾಸನದಲ್ಲಿ ಮಠದೊಡನೆ ಪ್ರಸೂತಿಶಾಲೆಯೂ ಆರೋಗ್ಯಶಾಲೆಯೂ ಇವೆ. ಜೈನರ ಚತುರ್ವಿಧ ದಾನಗಳಲ್ಲಿ ಭೈಷಜ್ಯವೂ ಸೇರಿದೆ. ಆದರೆ ಶಾಸನಗಳು ದಾನಿಗಳ ಸ್ಮಾರಕಗಳು. ಇಟಗಿಯ ಗುಡಿಯನ್ನು ಕಟ್ಟಿಸಿದ ಮಹಾದೇವ ದಂಡನಾಯಕನ ಹೆಸರು ೧೧೧೨ರಿಂದ ಅಲ್ಲಿ ನಿಂತಿದೆ. ಕಲ್ಲು ಹೊತ್ತವರ ಹೆಸರಿಲ್ಲ. ರೋಗಿಗಳ ವಿಷಯದಲ್ಲಿಯೂ ಹಾಗೆಯೇ. ತಮಿಳುನಾಡಿನ ತಿರುಮುಕ್ಕೂಡಲಿನ ೧೦೬೯ರ ಚೋಳಶಾಸನವೊಂದು ಮಾತ್ರ ಸ್ವಲ್ಪ ಉದಾರವಾಗಿದೆ. ಅಲ್ಲಿ ೧೫ ಹಾಸಿಗೆಗಳ ಆಸ್ಪತ್ರೆಗೆ ವೈದ್ಯ, ಶಸ್ತ್ರವೈದ್ಯ, ಮೂಲಿಕೆ ತರುವವರು, ನೀರು ತರುವವನು, ಇವರೊಡನೆ ರೋಗಿಗಳಿಗೆ ಔಷಧ ಕೊಟ್ಟು ನೋಡಿಕೊಳ್ಳುವ ಇಬ್ಬರು ಹೆಂಗಸರನ್ನೂ ನೇಮಿಸಿ, ಅವರಿಗೂ ಭತ್ತದ ಸಂಬಳವನ್ನು ಗೊತ್ತುಮಾಡಿದೆ. ವೈದ್ಯನ ಹೆಸರನ್ನೂ ಕೆತ್ತಿದ್ದಾರೆ. ಆ ಇಬ್ಬರು ಹೆಂಗಸರ ಹೆಸರನ್ನು ಕೆತ್ತಲಿಲ್ಲ.

ಹೆಸರನ್ನು ಬಿಟ್ಟದ್ದು ಸಣ್ಣ ಅನ್ಯಾಯ. ದೊಡ್ಡದು ಬೇರೆ ಇದೆ. ಮಲವನ್ನು ಕಂಡು ಹೇಸಬಾರದೆಂದು ಶಾಸ್ತ್ರಗಳು ಹೇಳಿದವು. ನಾವು ಮಲವನ್ನು ಮುಟ್ಟಿದ ಕೈಯನ್ನು ಕಂಡು ಹೇಸಿದೆವು. ಹಡೆಯುವಾಗ ಸೂಲಗಿತ್ತಿ ಬೇಕು. ಹಡೆದ ಮೇಲೆ ಅವಳಿಗೆ ಅಂಗಳವೇ ಗತಿ. ನಮ್ಮ ಹಳ್ಳಿಗಳಲ್ಲಿ ಇದನ್ನು ಕಂಡವರು ಇನ್ನೂ ಬದುಕಿದ್ದಾರೆ, ನಾನೂ ಕಂಡಿದ್ದೇನೆ. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರು ೧೫,೦೦೦ಕ್ಕೂ ಮೇಲ್ಪಟ್ಟು ಹೆರಿಗೆಗಳನ್ನು ಮಾಡಿಸಿ, ೨೦೧೮ರಲ್ಲಿ ಪದ್ಮಶ್ರೀ ಪುರಸ್ಕಾರವನ್ನು ಪಡೆದು, ಅದೇ ವರ್ಷದ ಕೊನೆಗೆ ತೀರಿಕೊಂಡರು. ಸೂಲಗಿತ್ತಿಯ ಹೆಸರು ರಾಷ್ಟ್ರಪತಿಭವನದಲ್ಲಿ ಕೇಳಿಬರಲು ಅಶೋಕನಿಂದ ಎರಡು ಸಾವಿರದ ಇನ್ನೂರು ವರ್ಷಗಳ ಮೇಲೆ ಬೇಕಾದವು. ಬಂಡೆಯ ಮೇಲೆ ಬರೆದ ಆ 'ಅಲ್ಪ'ನು ಇವಳೇ ಅಲ್ಲವೆ?

ಪಶ್ಚಿಮ ದೇಶಗಳ ಕಥೆಯನ್ನು ವಿಸ್ತರಿಸಲು ಇಲ್ಲಿ ಸ್ಥಳವಿಲ್ಲ. ಕ್ರಿಮಿಯಾ ಯುದ್ಧದಲ್ಲಿ ೧೮೫೪ರಿಂದ ಗಾಯಾಳುಗಳನ್ನು ಉಪಚರಿಸಿದ ಫ್ಲಾರೆನ್ಸ್ ನೈಟಿಂಗೇಲಳು ೧೮೫೯ರಲ್ಲಿ ಶುಶ್ರೂಷೆಯನ್ನು ಕುರಿತು ಪುಸ್ತಕವನ್ನು ಬರೆದು, ೧೮೬೦ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶಿಕ್ಷಣಶಾಲೆಯನ್ನು ಸ್ಥಾಪಿಸಿದಳು. ಶುಶ್ರೂಷಕಿಯು ನಿಷ್ಠೆಯಿಂದ ಹೇಳಿದಂತೆ ಕೇಳಿದರೆ ಸಾಕೆಂಬ ವೈದ್ಯರ ಮಾತನ್ನು ಅವಳು ತನ್ನ ಪುಸ್ತಕದಲ್ಲಿ ಹಾಸ್ಯಮಾಡಿ, ಆ ಲಕ್ಷಣವು ಕೂಲಿಯವನಿಗೂ ಕುದುರೆಗೂ ಒಪ್ಪುವದೆಂದಿದ್ದಾಳೆ. ಚರಕನ ಕುಂಬಾರನ ಚಕ್ರಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಕಂಡಿಲ್ಲ. ನಮ್ಮ ದೇಶದಲ್ಲಿ ೧೮೯೭ರ ಪ್ಲೇಗಿನಲ್ಲಿ ಪುಣೆಯ ಸಾವಿತ್ರಿಬಾಯಿ ಫುಲೆಯವರು ರೋಗ ಹತ್ತಿದ ಬಾಲಕನನ್ನು ಹೊತ್ತು ತಂದು, ತಾವೂ ಅದೇ ರೋಗದಿಂದ ಮಾರ್ಚ್ ೧೦ರಂದು ತೀರಿಕೊಂಡರು. ಆ ಬಾಲಕನಿಗೂ ಅವರಿಗೂ ಒಡೆಯ-ಆಳುಗಳ ಸಂಬಂಧವಾಗಲಿ ರಕ್ತಸಂಬಂಧವಾಗಲಿ ಇರಲಿಲ್ಲ.

ನಮ್ಮ ಪ್ರಾಂತವು ೧೯೪೮ರವರೆಗೆ ನಿಜಾಮರ ರಾಜ್ಯದಲ್ಲಿದ್ದಿತು. ಕೊಪ್ಪಳ, ಯಲಬುರ್ಗಾಗಳು ಸಾಲಾರಜಂಗರ ಜಹಗೀರು. ಕಠಿಣವಾದ ಬೇನೆಗೆ ಜನರು ರೈಲು 



ಹಿಡಿದು ಗದಗ-ಬೆಟಗೇರಿಯ ಮಿಷನ್ ಆಸ್ಪತ್ರೆಗೆ ಹೋಗುತ್ತಿದ್ದರೆಂದು ಹಿರಿಯರು ಹೇಳುತ್ತಿದ್ದರು. ೧೯೯೭ರಲ್ಲಿ ಕೊಪ್ಪಳವು ಜಿಲ್ಲೆಯಾಯಿತು. ೨೦೧೫ರಲ್ಲಿ ಸರಕಾರದ ವೈದ್ಯಕೀಯ ಮಹಾವಿದ್ಯಾಲಯವು ಪ್ರಾರಂಭವಾಯಿತು. ೨೦೨೧ರ ಕೋವಿಡ್ ಎರಡನೆಯ ಅಲೆಯಲ್ಲಿ, ಹೆತ್ತ ಮಕ್ಕಳೂ ಬಳಿಗೆ ಬರಲು ಅಂಜುತ್ತಿದ್ದ ದಿನಗಳಲ್ಲಿ, ಗವಿಮಠವು ರೋಗಿಗಳ ಆರೈಕೆಗೆ ತನ್ನಲ್ಲಿ ಸ್ಥಳ ಮಾಡಿಕೊಟ್ಟಿತು. ಅಶೋಕನ ಬಂಡೆಯು ಅದೇ ಬೆಟ್ಟದ ಮೇಲಿದೆ.

ಈಗ ನನ್ನ ಸ್ವಂತದ ಮಾತನ್ನು ಸ್ವಲ್ಪ ಹೇಳಿ ಮುಗಿಸುತ್ತೇನೆ, ವಾಚಕರು ಕ್ಷಮಿಸಬೇಕು. ಕೆಲವು ವರ್ಷಗಳ ಕೆಳಗೆ ನನ್ನ ಧರ್ಮಪತ್ನಿಗೆ ಪಾರ್ಶ್ವವಾಯು ಬಡಿದು, ಒಂದು ಆಸ್ಪತ್ರೆಯಲ್ಲಿ ೨೩ ದಿನ ಇರಬೇಕಾಯಿತು. ಅನುರಾಗ, ಶೌಚ, ದಾಕ್ಷ್ಯಗಳ ಶ್ಲೋಕವು ನನಗೆ ಬಾಯಿಪಾಠವಿತ್ತು. ಮೊದಲನೆಯ ರಾತ್ರಿ ಹಾಸಿಗೆಯು ಹೊಲಸಾದಾಗ ನಾನು ಎದ್ದು ಪಡಸಾಲೆಗೆ ಹೋಗಿ ನಿಂತೆನು. ನೀರು ತರಲಿಕ್ಕೆ ಹೋದೆನೆಂದು ನನಗೆ ನಾನೇ ಹೇಳಿಕೊಂಡೆನು, ಕೈಯಲ್ಲಿ ಪಾತ್ರೆಯಿರಲಿಲ್ಲ. ನಲವತ್ತು ವರ್ಷ ನನಗೆ ಅನ್ನವಿಕ್ಕಿದವಳು ಒಳಗೆ ಮಲಗಿದ್ದಳು. ಬಾಯಿ ಬಾರದಿದ್ದರೂ ಕಣ್ಣು ತೆರೆದಿದ್ದಳು; ನಾನು ಎದ್ದು ಹೋದದ್ದನ್ನು ಕಂಡಳು.

ರಾತ್ರಿಯ ಪಾಳಿಯ ಶುಶ್ರೂಷಕಿಯು ಇಪ್ಪತ್ತೈದರ ಒಳಗಿನ ಹುಡುಗಿ, ಯಲಬುರ್ಗಾ ತಾಲೂಕಿನವಳು. ಅವಳು ಪರದೆಯನ್ನು ಎಳೆದು ಎಲ್ಲವನ್ನೂ ತೆಗೆದು ತೊಳೆದಳು. ತೊಳೆಯುತ್ತ ನನ್ನ ಹೆಂಡತಿಯೊಡನೆ ಮಾತಾಡುತ್ತಲೇ ಇದ್ದಳು: ಈಗ ನೀರು ಹಾಕತೀನಿ ಅಮ್ಮಾ, ತಣ್ಣಗದ, ಈಗ ಈ ಕಡೆ ಹೊರಳಸತೀನಿ. ಉತ್ತರ ಬಾರದೆಂದು ತಿಳಿದಿದ್ದರೂ ಒಂದೊಂದು ಮಾತಿನ ಮೇಲೆಯೂ ಸ್ವಲ್ಪ ತಡೆದು, ಉತ್ತರಕ್ಕೆ ಕಿವಿಗೊಟ್ಟವಳಂತೆ ಮುಖವನ್ನು ನೋಡುತ್ತಿದ್ದಳು. ಶ್ರು ಧಾತುವಿನ ಸನ್ನಂತ ರೂಪವನ್ನು ನಾನು ಪರದೆಯ ಸಂದಿಯಿಂದ ಅಂದು ನೋಡಿದೆನು.

ನಾನು ಒಳಗೆ ಬಂದಾಗ ಅವಳು ಜರಿಯಲಿಲ್ಲ. ನನ್ನ ಕಡೆಗೆ ಹೆಚ್ಚಾಗಿ ನೋಡಲೂ ಇಲ್ಲ. ಆ ಕೋಣೆಗೆ ಅವಳೊಬ್ಬಳೇ; ಅತ್ತ ಮತ್ತೊಬ್ಬರು ಕೂಗುತ್ತಿದ್ದರು. ಒದ್ದೆಯ ಬಟ್ಟೆಯೊಂದನ್ನು ನನ್ನ ಕೈಯಲ್ಲಿಟ್ಟು, "ಸರ್, ನೀವು ಹೆಗಲಿನ ಕೆಳಗ ಕೈ ಹಾಕಿ ಎತ್ತರಿ. ಹಿಂಗಲ್ಲ, ಹಿಂಗ. ನಾ ಬರೂತನಕಾ ಬಿಡಬ್ಯಾಡರಿ" ಎಂದು ತೋರಿಸಿ ಹೋದಳು. ಅವಳು ಮರಳಿ ಬರುವವರೆಗೆ ನಾನು ಹಿಡಿದುಕೊಂಡಿದ್ದೆನು.